ಕಾಪಿತೊಲಿನಾಳ ಉಕ್ಕಿನ ಬಳೆಗಳು

ಕುರ್ಗಾನ್‌ನಲ್ಲಿ ರೈಲು ಹಳಿ ದಾಟಿದರೆ ಮರದ ಮನೆಗಳ ಒಂದು ಬೀದಿ ಸಿಗುತ್ತದೆ. ಆ ಬೀದಿಯಲ್ಲಿ ನೀಲಿ ಕಿಟಕಿಗಳ ಮನೆ ಕಾಪಿತೊಲಿನಾ ಮತ್ತು ಅವಳ ಅಣ್ಣ ಆರ್ಸೇನಿಯದು. ಅದರ ಪಕ್ಕದ್ದು ನಮ್ಮದು. ಬೀದಿಯವರ ಬಾಯಲ್ಲಿ ಅವಳು ಕಾಪಾ, ಅವನು ಸೇನ್ಯಾ. ನನ್ನ ಹೆಸರು ಲಿದಾ. ಊರಿನ ಮೂಳೆ ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟುವ ಕೋಣೆಯ ನರ್ಸಾಗಿ ನನ್ನ ಆಯುಷ್ಯ ಕಳೆಯಿತು. ಹಾಗಾಗಿ ಕಾಪಾಳ ಕಥೆಯಲ್ಲಿ ಅರ್ಧ ನನ್ನ ಕಣ್ಣೆದುರಿಗೇ ನಡೆದದ್ದು. ಉಳಿದದ್ದನ್ನು ಅವಳೇ ಬೇಲಿಗೆ ಮೊಣಕೈ ಊರಿಕೊಂಡು ಹೇಳಿದ್ದಾಳೆ.

ಅವಳು ಹುಟ್ಟಿದ್ದು ತೊಬೋಲ್ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ. ಅವಳಿಗೆ ಏಳು ವರ್ಷವಾಗಿದ್ದಾಗ ಯುದ್ಧ ನಡೆಯುತ್ತಿತ್ತು. ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರು. ಕಾಡಿನಿಂದ ಸೌದೆ ತರುವುದು ಹುಡುಗರ ಪಾಲಿಗೆ ಬಂದಿತ್ತು. ಸೇನ್ಯಾನಿಗೆ ಆಗ ಹನ್ನೆರಡು. ಒಂದು ದಿನ ಕುದುರೆ ಕಟ್ಟಿದ ಜಾರುಬಂಡಿಯಲ್ಲಿ ತಂಗಿಯನ್ನೂ ಕೂರಿಸಿಕೊಂಡು ಹೋದ. “ಬರೋವಾಗ ರಸ್ತೆ ಮೇಲೇ ಬಾ, ದಂಡೆ ಇಳೀಬೇಡ” ಎಂದು ತಾಯಿ ಹೇಳಿ ಕಳಿಸಿದ್ದಳು. ಬರುವಾಗ ಹೊತ್ತಾಯಿತು, ಚಳಿ ಏರಿತು. ಹತ್ತಿರದ ದಾರಿಯೆಂದು ಹುಡುಗ ಬಂಡಿಯನ್ನು ದಂಡೆ ಇಳಿಸಿದ. ಬಂಡಿ ಮಗುಚಿ ದಿಮ್ಮಿಗಳು ಕಾಪಾಳ ಎಡಗಾಲ ಮೇಲೆ ಬಿದ್ದವು.

ಇದ್ದ ಒಬ್ಬ ಡಾಕ್ಟರನ್ನೂ ಯುದ್ಧ ಕರೆದುಕೊಂಡು ಹೋಗಿತ್ತು. ಮೂಳೆ ಕಟ್ಟುವ ಮುದುಕಿಯೊಬ್ಬಳು ಬಂದು ಭೂರ್ಜದ ತೊಗಟೆಯಿಟ್ಟು ಬಟ್ಟೆ ಸುತ್ತಿದಳು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮುಂದೆ ಬಲಗಾಲು ಬೆಳೆದ ಹಾಗೆ ಎಡಗಾಲು ಬೆಳೆಯಲಿಲ್ಲ. ತಾಯಿ ಮಗನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. “ಇನ್ಮೇಲೆ ಇವಳನ್ನ ನೀನೇ ನೋಡ್ಕೋ” ಎಂದಳು, ಅಷ್ಟೆ. ತಂದೆ ಯುದ್ಧದಿಂದ ಮರಳಲಿಲ್ಲ. ಕೆಲವು ವರ್ಷಕ್ಕೆ ತಾಯಿಯೂ ಹೋದಳು. ಅವಳ ಮಾತು ಮಾತ್ರ ಸೇನ್ಯಾನ ಕುತ್ತಿಗೆಗೆ ಜೋತುಬಿದ್ದಿತ್ತು.

ಅವನು ಚಮ್ಮಾರಿಕೆ ಕಲಿತದ್ದೇ ಅದಕ್ಕೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕನೊಬ್ಬನ ಬಳಿ ಅಟ್ಟೆ ಹೊಲಿಯುವುದು, ತೊಗಲು ಎಳೆದು ಕೂರಿಸುವುದು ಎಲ್ಲ ಕಲಿತು, ತಂಗಿಯನ್ನು ಕರೆದುಕೊಂಡು ಕುರ್ಗಾನ್‌ಗೆ ಬಂದ. ಪ್ರತಿ ಶರತ್ಕಾಲಕ್ಕೂ ಅವಳಿಗೊಂದು ಹೊಸ ಬೂಟು. ಎಡಗಾಲಿನ ಬೂಟಿಗೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರದ ಅಟ್ಟೆ, ಹೊರಗಿನಿಂದ ಕಾಣದಂತೆ ಮೇಲೆ ತೊಗಲಿನ ಹೊದಿಕೆ. ಆ ಬೂಟುಗಳನ್ನು ನೋಡಿ ಕೈಮುಗಿಯಬೇಕು ಅನ್ನಿಸುತ್ತಿತ್ತು, ಅಷ್ಟು ಚೆನ್ನಾಗಿದ್ದವು. ಆದರೆ ಅವನು ಅಳತೆ ತೆಗೆಯುತ್ತಿದ್ದದ್ದು ಹಳೆಯ ಬೂಟಿನಿಂದ, ಕಾಲಿನಿಂದಲ್ಲ. ಅವಳು ಕಾಲುಚೀಲ ತೆಗೆದರೆ ಒಲೆಗೆ ಸೌದೆ ಹಾಕಲು ಎದ್ದು ಹೋಗುತ್ತಿದ್ದ. ಮೂವತ್ತು ವರ್ಷ ತಂಗಿಯನ್ನು ನೋಡಿಕೊಂಡ. ಆ ಕಾಲನ್ನು ಮಾತ್ರ ನೋಡಲಿಲ್ಲ.

ಕಾಪಾ ಊರಿನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಳೆಯ ಕೋಟನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾಲಗೆಯೂ ಕತ್ತರಿಯಷ್ಟೇ ಹರಿತ. ಒಮ್ಮೆ ಒಬ್ಬ ಲಾರಿ ಡ್ರೈವರು ಅವಳನ್ನು ಮೆಚ್ಚಿಕೊಂಡು ಎರಡು ಮೂರು ಭಾನುವಾರ ಮನೆಗೆ ಬಂದ. ಬಂದಾಗಲೆಲ್ಲ ಸೇನ್ಯಾ ಚಹಾ ಬಗ್ಗಿಸುತ್ತಾ, “ನಮ್ಮ ಕಾಪಾನ ನೋಡ್ಕೊಳ್ಳೋಕೆ ನಿನ್ ಕೈಲಾಗುತ್ತಾ?” ಎಂದು ಕೇಳುತ್ತಿದ್ದ. ಕೊನೆಗೆ ಆ ಮನುಷ್ಯ ಬರುವುದನ್ನು ಬಿಟ್ಟ. “ಅವನು ಹೆಂಡ್ತಿ ಹುಡುಕ್ಕೊಂಡು ಬಂದಿದ್ದ. ನೀನು ದಾದಿ ಕೆಲಸಕ್ಕೆ ಪರೀಕ್ಷೆ ಮಾಡಿದ ಹಾಗೆ ಮಾಡ್ದೆ” ಎಂದಳು ಕಾಪಾ. ಆಮೇಲೆ ಆ ಮಾತು ಎತ್ತಲಿಲ್ಲ.

ಎಪ್ಪತ್ತರ ದಶಕದ ಹೊತ್ತಿಗೆ ನಮ್ಮ ಊರಿನಲ್ಲಿ ಎಲ್ಲಿ ನೋಡಿದರೂ ಕಾಲಿಗೆ ಉಕ್ಕಿನ ಬಳೆ ತೊಟ್ಟವರು. ಬ್ರೆಡ್ಡಿನ ಸಾಲಿನಲ್ಲಿ, ಬಸ್ಸಿನಲ್ಲಿ, ಸಿನಿಮಾ ಮಂದಿರದ ಮುಂದೆ ಊರುಗೋಲು ಊರಿಕೊಂಡು ನಿಂತಿರುತ್ತಿದ್ದರು. ಮೂಳೆ ಸರಿಮಾಡಿಸಿಕೊಳ್ಳಲು ಕಡಲಂಚಿನಿಂದ, ಮರುಭೂಮಿಯಿಂದ ವಾರಗಟ್ಟಲೆ ರೈಲಿನಲ್ಲಿ ಕೂತು ಬರುತ್ತಿದ್ದರು. ಕಾಪಾ ನಮ್ಮ ಆಸ್ಪತ್ರೆಯ ಎದುರಿನಿಂದಲೇ ದಿನಾ ಕೆಲಸಕ್ಕೆ ಹೋಗುತ್ತಿದ್ದಳು, ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಅವಳನ್ನು ಒಳಗೆ ತಂದದ್ದು ಬೆನ್ನುನೋವು. ಮೂವತ್ತೆಂಟರ ವಯಸ್ಸಿಗೆ ಮಿಷನ್ನಿನ ಮುಂದೆ ಕೂರಲಾಗದಂತಾಯಿತು. ನಾನೇ ಅವಳನ್ನು ಡಾಕ್ಟರ್ ಅಗ್ನಿಯಾ ಫ್ರೋಲೊವ್ನಾ ಅವರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆಸಿ ನೋಡಿದರು.

“ನಿಮ್ಮ ಬೆನ್ನಿಗೆ ಏನೂ ಆಗಿಲ್ಲ, ಕಾಪಿತೊಲಿನಾ ಸವೇಲ್ಯೆವ್ನಾ. ಇಷ್ಟು ವರ್ಷ ಓರೆಯಾಗಿ ಹೊತ್ತುಕೊಂಡು ಓಡಾಡಿ ದಣಿದಿದೆ. ಕಾಲು ಸರಿ ಮಾಡೋಣ, ಬೆನ್ನು ತಾನೇ ಸುಮ್ಮನಾಗುತ್ತೆ.”

“ಈ ವಯಸ್ಸಲ್ಲಿ ಕಾಲು ಬೆಳೆಯುತ್ತಾ?”

“ಬೆಳೆಸಬಹುದು. ಆದರೆ ವರ್ಷ ಹಿಡಿಯುತ್ತೆ, ನೋವೂ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ.”

ಆ ಸಂಜೆ ಮನೆಯಲ್ಲಿ ನಡೆದ ಮಾತನ್ನು ಕಾಪಾ ನನಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

“ಬೂಟು ಚುಚ್ಚುತ್ತಾ?” ಎಂದು ಕೇಳಿದ ಸೇನ್ಯಾ.

“ಇಲ್ಲ.”

“ಭಾರ ಆಯ್ತಾ? ಈ ಸಲ ಒಳಗೆ ಬಿರಡೆ ಮರದ ತೊಗಟೆ ಹಾಕ್ತೀನಿ, ಹತ್ತಿ ಥರ ಇರುತ್ತೆ.”

“ಬೂಟಿನ ಮಾತಲ್ಲ ಸೇನ್ಯಾ. ಬೂಟು ಚೆನ್ನಾಗಿದೆ. ಕಾಲು ಸರಿಯಿಲ್ಲ.”

“ಇರೋ ಕಾಲನ್ನ ಮುರಿಸ್ಕೋತೀಯಾ? ಸೈಕಲ್ ಕಡ್ಡಿ ಚುಚ್ಚಿಸ್ಕೊಂಡು ವರ್ಷಗಟ್ಲೆ ಬಿದ್ಕೋತೀಯಾ? ಒಂದ್ಸಲ ಮುರಿದಿದ್ದು ಸಾಲ್ದಾ ನಿನಗೆ?”

ಹೇಳಿದ ಮೇಲೆ ತನ್ನ ಬಾಯಿಂದ ಏನು ಬಂತು ಎಂಬುದು ಅವನಿಗೇ ತಿಳಿಯಿತು. ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ಯಾರೂ ಆ ದಿನದ ಮಾತು ಎತ್ತಿರಲಿಲ್ಲ. ಕಾಪಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಆವಾಗ ನನ್ನ ಕೇಳ್ದೆ ಮುರೀತು. ಈಗ ಕೇಳಿ ಮುರೀತಾರೆ” ಎಂದಳು.

ಸರತಿ ಬರಲು ಬೇಸಿಗೆಯವರೆಗೆ ಕಾಯಬೇಕಾಯಿತು. ಆಸ್ಪತ್ರೆಗೆ ಸೇರುವ ದಿನ ಸೇನ್ಯಾ ಬಾಗಿಲವರೆಗೆ ಗಂಟು ಹೊತ್ತು ತಂದು, ನನ್ನ ಕೈಗೆ ಕೊಟ್ಟು, ತಂಗಿಯ ಮುಖ ನೋಡದೆ ಹೊರಟುಹೋದ.

ಆ ಕೆಲಸವನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಮೊಣಕಾಲಿನ ಕೆಳಗಿನ ಮೂಳೆಯ ಆರಪಾರು ಸೂಜಿಗಿಂತ ಸ್ವಲ್ಪ ದಪ್ಪದ ತಂತಿಗಳನ್ನು ಅಡ್ಡಡ್ಡ ಹಾಯಿಸುತ್ತಾರೆ. ಕಾಲಿನ ಸುತ್ತ ಬಳೆಯಂಥ ಉಕ್ಕಿನ ಚಕ್ರಗಳಿರುತ್ತವೆ. ಪ್ರತಿ ತಂತಿಯ ಎರಡೂ ತುದಿಗಳನ್ನು ಬಳೆಗೆ ಕಚ್ಚಿಸಿ ಹಿಡಿಯಲು ಸೀಳುಳ್ಳ ಬೋಲ್ಟಿನ ಹಿಡಿಕೆಗಳು. ಮೇಲಿನ ಬಳೆಗೂ ಕೆಳಗಿನ ಬಳೆಗೂ ನಡುವೆ ತಿರುಪಿನ ಸುತ್ತುಗಳಿರುವ ಸರಳುಗಳು. ಆಮೇಲೆ ಮೂಳೆಯನ್ನು ನಡುವೆ ಕತ್ತರಿಸಿ ಬಿಡಿಸುತ್ತಾರೆ. ಸರಳಿನ ನಟ್ಟುಗಳನ್ನು ದಿನಕ್ಕೆ ನಾಲ್ಕು ಬಾರಿ, ಪ್ರತಿ ಸಲ ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿಸಿದರೆ ಬಳೆಗಳು ಕೂದಲೆಳೆಯಷ್ಟು ದೂರ ಸರಿಯುತ್ತವೆ, ಆ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಇಷ್ಟೆಲ್ಲ ನಿಂತಿರುವುದು ಆ ಸಣ್ಣ ಹಿಡಿಕೆಗಳ ಮೇಲೆ. ಹಿಡಿಕೆ ಸಡಿಲವಾದರೆ ತಂತಿ ಜಾರುತ್ತದೆ. ತಂತಿ ಜಾರಿದರೆ ಮಾಂಸ ಕೆಂಪಾಗಿ ಉರಿಯುತ್ತದೆ. ನಾವು ನರ್ಸುಗಳು ತಂತಿಯನ್ನು ಉಗುರಿನಿಂದ ಮೀಟಿ ನೋಡುತ್ತಿದ್ದೆವು. ಬಿಗಿಯಾಗಿದ್ದರೆ ಟಿಣ್ ಎನ್ನುತ್ತದೆ, ಸಡಿಲವಾಗಿದ್ದರೆ ಮಡಕೆಯ ಸದ್ದು.

ಕಾಪಾಳ ಪಕ್ಕದ ಮಂಚದಲ್ಲಿ ಮಿನ್ನೆಗುಲ್ ಎನ್ನುವ ಬಷ್ಕೀರ್ ಜನಾಂಗದ ಹೆಂಗಸು ಇದ್ದಳು. ಗಂಡ ಸತ್ತವಳು, ಮಕ್ಕಳಿಲ್ಲ. ಜೇನು ಸಾಕುವ ಊರಿನಿಂದ ಬಂದವಳು. ಕುದುರೆಯಿಂದ ಬಿದ್ದು ಮುರಿದ ಮೂಳೆ ಕೂಡದೆ ಎರಡು ವರ್ಷ ಊರುಗೋಲಲ್ಲಿ ಓಡಾಡಿದ್ದಳು. ಕಾಪಾ ಶಸ್ತ್ರಕ್ರಿಯೆ ಮುಗಿಸಿಕೊಂಡು ಬಂದು ಕಣ್ಣು ಬಿಟ್ಟಾಗ ಮಿನ್ನೆಗುಲ್‌ಳ ಮೊದಲ ಮಾತು, “ಎದ್ದ್ಯೇನಮ್ಮಾ? ಸ್ವಲ್ಪ ಅಲ್ಲಾಡ್ಬೇಡ. ನಿನ್ ಕಾಲಲ್ಲಿರೋ ಉಕ್ಕು ಕರಗಿಸಿದ್ರೆ ಚಹಾ ಕಾಯಿಸೋ ಒಂದು ಸಮೋವರ್ ಆಗುತ್ತೆ, ಕಳ್ಳರು ನೋಡ್ಬಿಟ್ಟಾರು.”

“ನಿಂದ್ರಲ್ಲಿ ಎರಡಾಗುತ್ತೆ” ಎಂದಳಂತೆ ಕಾಪಾ, ಇನ್ನೂ ಮಂಪರಿನಲ್ಲೇ. ಅಲ್ಲಿಂದ ಅವರಿಬ್ಬರಿಗೆ ಗೆಳೆತನ.

ಮೊದಲ ವಾರ ಕಳೆದ ಮೇಲೆ ಕಾಪಾಳ ಕಣ್ಣಿಗೆ ಬಿದ್ದದ್ದು ವಾರ್ಡಿನವರ ಬಟ್ಟೆ. ಬಳೆ ತೊಟ್ಟ ಕಾಲಿಗೆ ಯಾವ ಪ್ಯಾಂಟೂ ಏರುವುದಿಲ್ಲ. ಗಂಡಸರು ಪ್ಯಾಂಟಿನ ಪಕ್ಕ ಹರಿದು ಪಿನ್ನು ಚುಚ್ಚಿಕೊಂಡಿರುತ್ತಿದ್ದರು, ಹೆಂಗಸರು ದುಪ್ಪಟಿ ಸುತ್ತಿಕೊಂಡಿರುತ್ತಿದ್ದರು. “ಇದೇನು ಮೆರವಣಿಗೆಯೋ ಬಟ್ಟೆ ಒಣಗೋ ಹಗ್ಗವೋ” ಎಂದು ಗೊಣಗಿ, ಮನೆಯಿಂದ ಕೈಮಿಷನ್ನು ತರಿಸಿದಳು. ಪಕ್ಕದ ಹೊಲಿಗೆ ಬಿಚ್ಚಿ, ಪಟ್ಟಿ ಕೊಟ್ಟು, ಉದ್ದಕ್ಕೂ ಗುಂಡಿ ಇಟ್ಟು ಹೊಲಿದಳು. ಚಳಿಗಾಲಕ್ಕೆ ಬಳೆಗಳ ಮೇಲೆ ಹಾಕುವ ದಪ್ಪ ಚೀಲ, ಅದಕ್ಕೊಂದು ದಾರ. ಮೊದಲು ಮಿನ್ನೆಗುಲ್‌ಗೆ, ಆಮೇಲೆ ಆ ಕೋಣೆಗೆ, ಆಮೇಲೆ ಮೇಲಿನ ಮಹಡಿಗೆ. ಅಗ್ನಿಯಾ ಫ್ರೋಲೊವ್ನಾ ಅವರು ರೋಗಿಗಳನ್ನು ನೋಡಲು ಬಂದಾಗ ಗುಂಡಿ ಬಿಚ್ಚಿ ಕಾಲು ತೋರಿಸಿ ಮತ್ತೆ ಹಾಕಿಕೊಳ್ಳಲು ಅರೆಗಳಿಗೆ ಸಾಕು. ಅವರು ನಕ್ಕು, “ಮುಂದಿನ ಸಲ ನನ್ನ ಬಿಳಿಕೋಟಿಗೂ ಒಂದು ಒಳಜೇಬು ಹಾಕಿಕೊಡಿ” ಎಂದರು.

ಸೇನ್ಯಾ ಭಾನುವಾರಗಳಲ್ಲಿ ಬರುತ್ತಿದ್ದ. ಬೇಯಿಸಿದ ಮೊಟ್ಟೆ, ಉಪ್ಪುಸೌತೆ, ಎಲೆಕೋಸಿನ ಕಡುಬು ತರುತ್ತಿದ್ದ. ಕಿಟಕಿಯ ಕಡೆ ಮುಖ ಮಾಡಿ ಕೂತು ಬೀದಿಯ ಸುದ್ದಿ ಹೇಳುತ್ತಿದ್ದ.

“ನಿಮ್ಮಣ್ಣನಿಗೆ ಕುತ್ತಿಗೆ ಸೆಟೆದಿದ್ಯಾ? ಒಂದೇ ಕಡೆ ತಿರುಗುತ್ತೆ” ಎಂದು ಮಿನ್ನೆಗುಲ್ ಅವನಿಗೆ ಕೇಳುವಂತೆಯೇ ಕೇಳಿದಳು.

“ಅದು ಹಳೇ ಕಾಯಿಲೆ” ಎಂದಳು ಕಾಪಾ.

ಡಿಸೆಂಬರಿಗೆ ವಾರ್ಡುಗಳು ತುಂಬಿದವು. ಊರಿನವರೇ ಆದವರು ಮನೆಗೆ ಹೋಗಿ ನಟ್ಟು ತಾವೇ ತಿರುಗಿಸಿಕೊಳ್ಳಬಹುದು, ವಾರಕ್ಕೆರಡು ಸಲ ಬಂದು ತೋರಿಸಬೇಕು ಎಂದಾಯಿತು. ಕಾಪಾಳನ್ನು ಕಳಿಸುವ ದಿನ ನಾನು ಪ್ರತಿ ನಟ್ಟಿನ ಒಂದು ಮುಖಕ್ಕೆ ಗಾಯಕ್ಕೆ ಹಚ್ಚುವ ಹಸಿರು ಔಷಧಿಯ ಚುಕ್ಕೆ ಇಟ್ಟೆ. ಅಣ್ಣತಂಗಿ ಇಬ್ಬರನ್ನೂ ಕೂರಿಸಿ ಹೇಳಿದೆ, “ದಿನದಲ್ಲಿ ನಾಲ್ಕು ತಿರುವು. ರಾತ್ರಿಯ ತಿರುವು ಮುಗಿದಾಗ ಹಸಿರು ಚುಕ್ಕೆ ಮುಂದಕ್ಕೆ ಮುಖ ಮಾಡಿರಬೇಕು. ಬೆಳಗ್ಗೆ ಎದ್ದಾಗಲೂ ಅಲ್ಲೇ ಇರಬೇಕು.” ಸೇನ್ಯಾ ಕಿಟಕಿಯಾಚೆಯ ಹಿಮ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಅಂದುಕೊಂಡೆ.

ನಮ್ಮ ಚಳಿಗೆ ಉಣ್ಣೆಯನ್ನು ಬಡಿದು ಮಾಡಿದ ದಪ್ಪ ಬೂಟೇ ಬೇಕು. ಬಳೆಗಳ ಮೇಲೆ ಅದು ಏರುವುದಿಲ್ಲ. ಸೇನ್ಯಾ ದೊಡ್ಡ ಅಳತೆಯ ಒಂದು ಬೂಟನ್ನು ಮುಂದಿನಿಂದ ಉದ್ದಕ್ಕೆ ಸೀಳಿ, ಅಂಚಿಗೆ ತೊಗಲು ಕೊಟ್ಟು, ಕಣ್ಣುಗಳನ್ನಿಟ್ಟು, ಲಾಡಿ ಹಾಕುವಂತೆ ಮಾಡಿದ. ಕಾಪಾಳಿಗೆ ಅಷ್ಟು ಬಗ್ಗಲಾಗುತ್ತಿರಲಿಲ್ಲ. ಲಾಡಿ ಕಟ್ಟುವ ಕೆಲಸ ಅವನದೇ ಆಯಿತು. ಅದನ್ನೂ ಅವನು ಮುಖ ಪಕ್ಕಕ್ಕಿಟ್ಟು, ಕೈತಡವಿನಿಂದಲೇ ಮಾಡುತ್ತಿದ್ದ. ಹೊಲಿಗೆಯವರ ಬೆರಳಿಗೆ ಕಣ್ಣಿರುತ್ತದಲ್ಲ.

ಜನವರಿಯಲ್ಲಿ ನೋವು ಹೆಚ್ಚಿತು. ಮೂಳೆ ಉದ್ದವಾಗುತ್ತಿತ್ತು, ಮಾಂಸ ಮತ್ತು ನರ ಅದರ ಹಿಂದೆ ಓಡಲಾರದೆ ಎಳೆಯುತ್ತಿದ್ದವು. ಪಾದ ಜುಮುಗುಟ್ಟುತ್ತಿತ್ತು, ಬೆರಳುಗಳಲ್ಲಿ ಇರುವೆ ಹರಿದಂತೆ. ವಾರ್ಡಿನಲ್ಲಿದ್ದಾಗ ನೋವನ್ನು ನಗುವಲ್ಲಿ ಕಳೆಯಲು ಮಿನ್ನೆಗುಲ್ ಇದ್ದಳು. ಮನೆಯಲ್ಲಿ ಹಗಲೆಲ್ಲ ಒಬ್ಬಳೇ. ಕಾಪಾ ತಿರುವುಗಳನ್ನು ತಪ್ಪಿಸಲು ಶುರುಮಾಡಿದಳು. ಆಮೇಲೆ ತಿರುಗಿಸಿದ್ದನ್ನೇ ಹಿಂದಕ್ಕೆ ತಿರುಗಿಸಿದಳು. ಹಿಂದಕ್ಕೆ ತಿರುಗಿಸಿದರೆ ಕಾಲು ಸಡಿಲವಾಗಿ ಉಸಿರಾಡಿದ ಹಾಗಾಗುತ್ತಿತ್ತಂತೆ. ನಮ್ಮ ಹತ್ತಿರ ತೋರಿಸಲು ಬಂದಾಗ, “ಎಲ್ಲ ಸರಿಯಾಗಿದೆ ಲಿದಾ, ಚಳಿಗೆ ಸ್ವಲ್ಪ ಹಿಡಿಯುತ್ತೆ ಅಷ್ಟೆ” ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಆಸ್ಪತ್ರೆಗೆ ಹೊರಡಬೇಕು. ಸೇನ್ಯಾ ನೆಲದ ಮೇಲೆ ಕೂತು ಲಾಡಿ ಕಟ್ಟುತ್ತಿದ್ದ. ಬೂಟಿನ ಒಂದು ಕಣ್ಣಿನಲ್ಲಿ ಲಾಡಿ ಸಿಕ್ಕಿಕೊಂಡಿತು, ಎಷ್ಟು ತಡವಿದರೂ ಬರಲಿಲ್ಲ. ತಲೆ ಬಗ್ಗಿಸಿ ನೋಡಲೇಬೇಕಾಯಿತು. ನೋಡಿದ.

ಲಾಡಿ ಅಲ್ಲೇ ಉಳಿಯಿತು.

“ಚುಕ್ಕೆ ಹಿಂದಕ್ಕೆ ತಿರುಗಿದೆ” ಎಂದ.

“ಯಾವ ಚುಕ್ಕೆ?”

“ಲಿದಾ ಇಟ್ಟ ಹಸಿರು ಚುಕ್ಕೆ. ಬೆಳಗ್ಗೆ ಮುಂದಕ್ಕಿರಬೇಕು ಅಂದಿದ್ಲು. ಎಲ್ಲಾ ನಟ್ಟಲ್ಲೂ ಹಿಂದಕ್ಕಿದೆ. ಏನ್ ಮಾಡ್ತಿದೀಯ ಕಾಪಾ?”

“ನಿನಗೆ ಖುಷಿ ಆಗ್ಬೇಕಲ್ಲ. ಬೇಡ ಬೇಡ ಅಂತಿದ್ದೋನು ನೀನೇ” ಎಂದಳು.

“ಬೇಡ ಅಂದಿದ್ದೆ. ಈಗ ಅರ್ಧ ದಾರಿ ಬಂದಾಯ್ತು. ಹಿಂದಕ್ಕೆ ತಿರುಗಿಸಿದ್ರೆ ಎಲ್ಲಿಗೆ ಹೋಗ್ತೀಯ?”

“ನೋವು ಸೇನ್ಯಾ. ನಿನಗೇನ್ ಗೊತ್ತು.”

“ಗೊತ್ತಿಲ್ಲ” ಎಂದ ಅವನು. ಬಳೆಗಳ ನಡುವೆ ಕಾಣುತ್ತಿದ್ದ ಚರ್ಮದ ಮೇಲೆ, ಮಂಡಿಯ ಕೆಳಗೆ, ಬಿಳಿಯಾಗಿ ಸೊಟ್ಟ ಗೆರೆಯೊಂದಿತ್ತು. ಅದರತ್ತ ಬೆರಳು ತೋರಿಸಿದ, ಮುಟ್ಟಲಿಲ್ಲ. “ಇದೇನಾ ಆವತ್ತಿಂದು?”

“ಮತ್ತಿನ್ನೇನು, ನಿನ್ನೆ ಬೆಕ್ಕು ಪರಚಿದ್ದು ಅಂದ್ಕೊಂಡ್ಯಾ?”

ಅವಳು ತಮಾಷೆಗೆಂದೇ ಅಂದದ್ದು. ಆದರೆ ಸೇನ್ಯಾ ಸೀಳು ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತ. ನಲವತ್ತು ದಾಟಿದ ಗಂಡಸು ಅಳುವುದನ್ನು ಕಾಪಾ ಕಂಡದ್ದು ಅದೇ ಮೊದಲು. ಅವಳು ಅವನ ತಲೆಯ ಮೇಲಿದ್ದ ತೊಗಲಿನ ಚೂರೊಂದನ್ನು ಹೆಕ್ಕಿ ತೆಗೆದಳಂತೆ.

ಅವನು ಮೂಗು ಒರೆಸಿಕೊಂಡು ಎದ್ದ. “ನಡಿ, ಆಸ್ಪತ್ರೆಗೆ. ಇದ್ದದ್ದು ಇದ್ದ ಹಾಗೆ ಹೇಳು.”

ಹೊರಗೆ ಹಿಮ ಮಂಜುಗಡ್ಡೆಯಾಗಿತ್ತು. ಊರುಗೋಲಲ್ಲಿ ಬಸ್ಸಿನ ನಿಲ್ದಾಣದವರೆಗೆ ಹೋಗುವುದು ಆಗದ ಮಾತು. ಸೇನ್ಯಾ ನಮ್ಮ ಮನೆಗೆ ಬಂದು, ನಾವು ಆಲೂಗಡ್ಡೆ ಮೂಟೆ ಎಳೆಯುತ್ತಿದ್ದ ಕೈ ಜಾರುಬಂಡಿಯನ್ನು ಕೇಳಿದ. ನಾನು ಕೆಲಸಕ್ಕೆ ಹೊರಟಿದ್ದೆ, ಜೊತೆಗೇ ನಡೆದೆ. ಕಂಬಳಿ ಹಾಸಿ ಕಾಪಾಳನ್ನು ಕೂರಿಸಿ, ಹಗ್ಗ ಹೆಗಲಿಗೆ ಹಾಕಿಕೊಂಡ. ರೈಲು ಹಳಿಯ ಹತ್ತಿರ ಬಂದಾಗ ಕೆಳಗೆ ಇಳಿಯುವ ಒಂದು ಕಾಲುದಾರಿ ಇದೆ, ದೂರ ಕಡಿಮೆ. ಅಲ್ಲಿ ಅವನು ಒಂದು ಕ್ಷಣ ನಿಂತ.

“ಈ ಸಲ ರಸ್ತೆ ಮೇಲೇ ಹೋಗು ಸೇನ್ಯಾ” ಎಂದಳು ಕಾಪಾ ಹಿಂದಿನಿಂದ.

ಅವನು ತಿರುಗಿ ನೋಡಿದ. ಅವಳು ನಗುತ್ತಿದ್ದಳು. ಅವನಿಗೂ ನಗು ಬಂತು. ಆ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆವತ್ತು, ಇವರಿಬ್ಬರಿಗೆ ಬೆಳಬೆಳಗ್ಗೆ ಏನಾಗಿದೆ ಅಂದುಕೊಂಡೆ.

ಅಗ್ನಿಯಾ ಫ್ರೋಲೊವ್ನಾ ಎಲ್ಲ ಕೇಳಿಕೊಂಡರು, ಗದರಲಿಲ್ಲ. “ಹಿಂದಕ್ಕೆ ತಿರುಗಿಸಿದ್ದು ತಪ್ಪಲ್ಲ. ನೀವು ಹೇಳಿದ್ದರೆ ನಾನೇ ತಿರುಗಿಸುತ್ತಿದ್ದೆ. ನರಕ್ಕೆ ಬಿಡುವು ಬೇಕು. ಮುಚ್ಚಿಟ್ಟದ್ದು ತಪ್ಪು. ನಾನು ಲೆಕ್ಕ ಒಂದು ಹಾಕಿರುತ್ತೇನೆ, ನಿಮ್ಮ ಕಾಲು ಇನ್ನೊಂದು ಹೇಳುತ್ತಿರುತ್ತೆ.” ತಂತಿಗಳನ್ನು ಮೀಟಿದರೆ ಒಂದು ಮಡಕೆಯ ಸದ್ದು ಕೊಟ್ಟಿತು. ಹಿಂದೆ ಮುಂದೆ ಎಳೆದಾಡಿ ಅದರ ಹಿಡಿಕೆ ಸಡಿಲಾಗಿತ್ತು. ಅವರು ತಂತಿಯನ್ನು ಎಳೆದು ಬಿಗಿದು ಹಿಡಿಕೆಯನ್ನು ಮತ್ತೆ ಕಚ್ಚಿಸಿದರು. ಕಾಪಾ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಎರಡು ದಿನ ಅಲ್ಲಿ ನೀಲಿಯಾಗಿತ್ತು.

“ಇಲ್ಲಿಗೆ ನಿಲ್ಲಿಸಲೂಬಹುದು” ಎಂದರು ಡಾಕ್ಟರು. “ಈಗಲೇ ಅರ್ಧಕ್ಕಿಂತ ಹೆಚ್ಚು ಬಂದಿದೆ. ಅಟ್ಟೆ ಅಷ್ಟು ತಗ್ಗುತ್ತೆ. ನೀವೇ ಯೋಚಿಸಿ.”

ಕಾಪಾ ಅಣ್ಣನ ಮುಖ ನೋಡಿದಳು.

“ನನ್ನ ನೋಡ್ಬೇಡ. ಕಾಲು ನಿಂದು” ಎಂದ ಸೇನ್ಯಾ.

ಒಂದು ವಾರ ಬಿಡುವು ಕೊಟ್ಟು, ಆಮೇಲೆ ನಿಧಾನವಾಗಿ ಮುಂದುವರಿಸಿದರು. ಬೆಳಗಿನ ಮತ್ತು ರಾತ್ರಿಯ ತಿರುವುಗಳನ್ನು ಸೇನ್ಯಾನೇ ಮಾಡತೊಡಗಿದ. ಕನ್ನಡಕ ಹಾಕಿಕೊಂಡು, ನಾಲಗೆಯ ತುದಿ ಹಲ್ಲಿನ ನಡುವೆ ಹಿಡಿದುಕೊಂಡು, ಸ್ಪ್ಯಾನರನ್ನು ಉಳಿಯ ಹಾಗೆ ನಾಜೂಕಾಗಿ ಹಿಡಿದು ತಿರುಗಿಸುತ್ತಿದ್ದ. ಅವನ ಕಣ್ಣು ಈಗ ಕಾಲಿನ ಮೇಲೇ. ಅದರಿಂದಲೇ ಅವನಿಗೆ ಇನ್ನೊಂದು ಕಂಡಿತು. ಹಿಂಬದಿಯ ಮಾಂಸ ಎಳೆದು ಪಾದ ಕೆಳಕ್ಕೆ ಜೋಲುತ್ತಿತ್ತು. ಅದನ್ನು ತಡೆಯಲು ನಾವು ಒಂದು ಹಲಗೆ ಕೊಟ್ಟು ಪಟ್ಟಿಯಿಂದ ಬಳೆಗೆ ಕಟ್ಟಿಸುತ್ತಿದ್ದೆವು. ಅದು ಒತ್ತಿ ಗಾಯ ಮಾಡುತ್ತಿತ್ತು ಎಂಬುದು ನಮಗೂ ಗೊತ್ತಿತ್ತು. ಸೇನ್ಯಾ ಪಾದದ ಅಳತೆ ತೆಗೆದು, ಮೆತ್ತಗಿನ ತೊಗಲಿನ ಒಳಪದರ ಕೊಟ್ಟು, ಬೆರಳು ತೆರೆದ ಒಂದು ಪಾದರಕ್ಷೆ ಹೊಲಿದ. ಅದರ ಎರಡೂ ಪಕ್ಕ ರಬ್ಬರಿನ ಪಟ್ಟಿ, ಪಟ್ಟಿಯ ತುದಿಗೆ ಬಳೆಗೆ ಸಿಕ್ಕಿಸುವ ಕೊಕ್ಕೆ.

ಕಾಪಾ ಅದನ್ನು ಹಾಕಿಕೊಂಡು ವಾರ್ಡಿಗೆ ಬಂದಾಗ ಮಿನ್ನೆಗುಲ್ ಮಂಚದಿಂದಲೇ ಕೈ ಚಾಚಿದಳು.

“ಕೊಡಿಲ್ಲಿ ನೋಡೋಣ. ನಿಮ್ಮಣ್ಣ ಮಾಡಿದ್ದಾ? ಕುತ್ತಿಗೆ ತಿರುಗೋಕೆ ಶುರುವಾಯ್ತಾ ಅವನಿಗೆ?”

“ನೀನೇ ಕೇಳು, ಹೊರಗಡೆ ನಿಂತಿದಾನೆ.”

“ಏ ಆರ್ಸೇನಿ ಸವೇಲ್ಯೆವಿಚ್, ಬನ್ನಿ ಒಳಗೆ. ನನ್ ಪಾದ ಏನ್ ಪಾಪ ಮಾಡಿದೆ? ಅದಕ್ಕೂ ಒಂದು ಹೊಲೀರಿ. ಅಳತೆ ತಗೋಬೇಕಾದ್ರೆ ಮಾತ್ರ ಕಿಟಕಿ ಕಡೆ ನೋಡ್ಬೇಡಿ, ಆಮೇಲೆ ಕುದುರೆ ಲಾಳ ಆಗ್ಬಿಟ್ಟಾತು.”

ಸೇನ್ಯಾನ ಕಿವಿ ಕೆಂಪಾಯಿತು. ಆದರೆ ಕೂತು ಅಳತೆ ತೆಗೆದ. ಅಳತೆ ತೆಗೆಯಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು ಎಂದು ಆ ಕೋಣೆಯ ಹೆಂಗಸರೆಲ್ಲ ಆಮೇಲೆ ಹೇಳಿಕೊಂಡರು.

ಕಾಲು ಉದ್ದವಾದ ಮೇಲೂ ಬಳೆ ಬಿಚ್ಚುವ ಹಾಗಿಲ್ಲ. ಹೊಸ ಮೂಳೆ ಗಟ್ಟಿಯಾಗಬೇಕು. ವಸಂತ ಬಂದು ತೊಬೋಲ್ ಮಂಜುಗಡ್ಡೆ ಒಡೆದು ಹರಿಯಿತು, ಕಾಡುಚೆರ್ರಿ ಹೂವು ಬಿಟ್ಟು ಉದುರಿತು. ಕಾಪಾ ಊರುಗೋಲಲ್ಲಿ ಹೊಲಿಗೆ ಅಂಗಡಿಗೆ ಹೋಗಿ ಕೂರತೊಡಗಿದಳು. ಬೀದಿಯವರೆಲ್ಲ ಸ್ನಾನ ಮಾಡುವ ಹಬೆಮನೆಗೆ ಹೋಗಲಾಗದ್ದೇ ಅವಳಿಗೆ ದೊಡ್ಡ ಸಂಕಟ. “ಬಳೆ ಬಿಚ್ಚಿದ ದಿನ ಮೊದಲು ಹಬೆಮನೆ, ಆಮೇಲೆ ಮಿಕ್ಕಿದ್ದು” ಎನ್ನುತ್ತಿದ್ದಳು.

ಆಗಸ್ಟಿನಲ್ಲಿ ಬಿಚ್ಚಿದರು. ಮೊದಲು ಹಿಡಿಕೆಗಳನ್ನು ಸಡಿಲಿಸಿ ನಾಲ್ಕು ದಿನ ನಡೆಸಿ ನೋಡಿದರು. ಮೂಳೆ ಬಗ್ಗಲಿಲ್ಲ, ನೋವಿಲ್ಲ. ಆಮೇಲೆ ತಂತಿಗಳನ್ನು ಕತ್ತರಿಸಿ ಒಂದೊಂದಾಗಿ ಎಳೆದರು. ಉಳಿದದ್ದು ಸಣಕಲು ಕಾಲು, ಅದರ ಮೇಲೆ ಸಾಲು ಸಾಲು ಕೆಂಪು ಚುಕ್ಕೆ. ಡಾಕ್ಟರು ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಎರಡೂ ಸೊಂಟದ ಮೇಲೆ ಕೈ ಇಟ್ಟು ನೋಡಿ, “ಸಮ” ಎಂದರು.

ಕಾಪಾ ಒಂದು ಹೆಜ್ಜೆ ಇಟ್ಟಳು, ಬಿದ್ದಳು. ಸೊಂಟ ಮೂವತ್ತು ವರ್ಷದ ಅಭ್ಯಾಸದಂತೆ ಎಡಕ್ಕೆ ಕುಸಿಯುತ್ತಿತ್ತು, ಅಲ್ಲಿ ಈಗ ಗುಂಡಿಯಿರಲಿಲ್ಲ, ನೆಲವಿತ್ತು. “ಕುಂಟೋದನ್ನ ಯಾರೂ ಹೇಳಿಕೊಡದೇ ಕಲಿತೆ. ನೆಟ್ಟಗೆ ನಡೆಯೋದಕ್ಕೆ ಮೇಷ್ಟ್ರು ಬೇಕಾಗಿದೆ” ಎಂದು ನೆಲದಲ್ಲಿ ಕೂತೇ ಹೇಳಿದಳು. ಚಳಿಗಾಲ ಬರುವವರೆಗೂ ನಮ್ಮ ಬೀದಿಯಲ್ಲಿ ಅವಳು ಬೆಳಗಿನ ಹೊತ್ತು ಬೇಲಿ ಹಿಡಿದುಕೊಂಡು ನಡೆ ಕಲಿಯುವುದನ್ನು ನೋಡುತ್ತಿದ್ದೆವು. ಬೆನ್ನುನೋವು ಮೊದಲು ಹೆಚ್ಚಾಗಿ, ಆಮೇಲೆ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಬೀದಿಯವರೆಲ್ಲ ಇನ್ನು ಕಾಪಾಳ ಮದುವೆ ಅಂದುಕೊಂಡರು. ಅವಳು ಮಾಡಿದ್ದು ಬೇರೆ. ಹೊಲಿಗೆ ಅಂಗಡಿಯ ಕೆಲಸಗಾರರ ವಸತಿಮನೆಯಲ್ಲಿ ಒಂದು ಕೋಣೆ ಖಾಲಿಯಾದಾಗ ಅರ್ಜಿ ಹಾಕಿ ಅಲ್ಲಿಗೆ ಹೊರಟಳು.

“ಇಲ್ಲಿ ಏನ್ ಕಮ್ಮಿಯಾಯ್ತು?” ಎಂದ ಸೇನ್ಯಾ.

“ಏನೂ ಕಮ್ಮಿಯಿಲ್ಲ. ಒಬ್ಳೇ ಇದ್ದು ನೋಡಿಲ್ಲ ನಾನು. ನೋಡ್ಬೇಕು.”

“ನೀರು ಯಾರು ತರ್ತಾರೆ?”

“ಅಲ್ಲಿ ನಲ್ಲಿ ಇದೆ.”

“ಸೌದೆ?”

“ಕೋಣೆ ಬೆಚ್ಚಗಿಡೋ ಬಿಸಿನೀರಿನ ಕೊಳವೆ ಇದೆ. ಸೇನ್ಯಾ, ಅಮ್ಮ ಹೇಳಿದ ಮಾತು ನೀನು ನಡೆಸಿಕೊಟ್ಟೆ. ಸಾಕು. ಇನ್ನು ನಿನ್ನ ನೀನು ನೋಡ್ಕೋ.”

ಅವನು ಗಂಟು ಹೊತ್ತು ಬಿಟ್ಟು ಬಂದ. ಆಮೇಲಿನ ಕೆಲವು ತಿಂಗಳು ಆ ಮನೆಯ ಕಿಟಕಿಯಲ್ಲಿ ದೀಪ ಬೇಗ ಆರುತ್ತಿತ್ತು. ಒಬ್ಬನೇ ಕೂತು ತಿನ್ನಲಾರದೆ ನಮ್ಮ ಮನೆಗೆ ಕಡುಬು ತಂದುಕೊಡುತ್ತಿದ್ದ. ಆಸ್ಪತ್ರೆಯವರು ಅವನಿಗೆ ಪಾದರಕ್ಷೆಗಳ ಕೆಲಸ ಹೇಳಿದ್ದರಿಂದ ಹಗಲು ಹೇಗೋ ಸಾಗುತ್ತಿತ್ತು.

ಮಿನ್ನೆಗುಲ್ ಅಷ್ಟರಲ್ಲಿ ತನ್ನ ಊರಿಗೆ ಮರಳಿದ್ದಳು. ಮರುವರ್ಷ ಕಾಲು ತೋರಿಸಲು ಬಂದಾಗ ಒಂದು ಡಬ್ಬಿ ಜೇನು ತಂದು ಸೇನ್ಯಾನ ಮನೆಯ ಬಾಗಿಲು ತಟ್ಟಿದಳು. ಪಾದರಕ್ಷೆಯ ಋಣ ಎಂದಳಂತೆ. ಚಹಾ ಕುಡಿದು ಹೋಗಲು ಬಂದವಳು ಬೇಸಿಗೆಯ ಕೊನೆಗೆ ಅವನನ್ನು ಮದುವೆಯಾದಳು. ನೋಂದಣಿ ಕಚೇರಿಯಲ್ಲಿ ಸಾಕ್ಷಿ ನಾನೂ ಕಾಪಾಳೂ. ಕಾಪಾ ತಾನೇ ಹೊಲಿದ ಕಡುನೀಲಿ ಉಡುಗೆ ಹಾಕಿಕೊಂಡು ಬಂದಿದ್ದಳು, ಎರಡೂ ಕಾಲಿಗೆ ಅಂಗಡಿಯಲ್ಲಿ ಕೊಂಡ ಒಂದೇ ಜೊತೆಯ ಷೂ. ಊಟದ ಹೊತ್ತಿಗೆ ಎದ್ದು ಲೋಟ ಎತ್ತಿ, “ನಮ್ಮಣ್ಣನ್ನ ನೋಡ್ಕೊಳ್ಳೋಕೆ ನಿನ್ ಕೈಲಾಗುತ್ತಾ?” ಎಂದು ಮಿನ್ನೆಗುಲ್‌ಳನ್ನು ಕೇಳಿದಳು.

“ಆಗದಿದ್ರೆ ನಿನ್ನ ಹತ್ರಾನೇ ಕಳಿಸ್ತೀನಿ ಬಿಡು” ಎಂದಳು ಅವಳು.

ಕಾಪಾ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, “ಮೊದ್ಲು ಕಾಲಿನ ನೆಪ ಇತ್ತು. ಈಗ ನೆಪ ಇಲ್ಲದೇನೇ ಬೇಡ ಅನ್ನಬಹುದು” ಎನ್ನುತ್ತಿದ್ದಳು. ಗುಂಡಿಯ ಪ್ಯಾಂಟು ಹೊಲಿಯುವುದನ್ನು ನಿವೃತ್ತಿಯ ನಂತರವೂ ಬಿಡಲಿಲ್ಲ. ಎಲ್ಲೆಲ್ಲಿಂದಲೋ ಬಂದ ರೋಗಿಗಳು ಅವಳ ವಸತಿಮನೆಯ ವಿಳಾಸ ಕೇಳಿಕೊಂಡು ಹೋಗುತ್ತಿದ್ದರು. ಒಂದು ಬೇಸಿಗೆ ಕಪ್ಪು ಸಮುದ್ರಕ್ಕೆ ಹೋಗಿ, ಕಾಲುಚೀಲವಿಲ್ಲದೆ ಮರಳಿನ ಮೇಲೆ ನಡೆದು, ಸೂರ್ಯನಿಗೆ ಸುಟ್ಟುಕೊಂಡು ಬಂದಳು. ಸೇನ್ಯಾ ತೀರಿಕೊಂಡು ಹಲವು ವರ್ಷವಾಯಿತು. ಮಿನ್ನೆಗುಲ್ ನೀಲಿ ಕಿಟಕಿಗಳ ಮನೆಯಲ್ಲೇ ಇದ್ದಾಳೆ, ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದಾಳೆ. ನಾವು ಮೂವರು ಮುದುಕಿಯರು ಅಲ್ಲಿ ಸೇರಿ ಚಹಾ ಕುಡಿಯುತ್ತೇವೆ.

ಹೋದ ತಿಂಗಳು ಕಾಪಾ ಮಂಡಿನೋವು ಎಂದು ಆಸ್ಪತ್ರೆಗೆ ಹೋಗಿದ್ದಳು. ಅಗ್ನಿಯಾ ಫ್ರೋಲೊವ್ನಾ ಎಂದೋ ನಿವೃತ್ತರಾದರು. ಈಗಿರುವ ಎಳೆಯ ಡಾಕ್ಟರು ಹಳೆಯ ಗುರುತುಗಳನ್ನು ಕಂಡು ಎಡಗಾಲನ್ನೇ ಹಿಂದೆ ಮುಂದೆ ಬಗ್ಗಿಸಿ ನೋಡಿದನಂತೆ.

“ಅದಲ್ಲಪ್ಪಾ, ಅದು ಚೆನ್ನಾಗಿದೆ” ಎಂದಳು ಕಾಪಾ. “ನೋಯ್ತಿರೋದು ಬಲಗಾಲು. ಆ ಮೂವತ್ತು ವರ್ಷ ನನ್ನನ್ನ ಹೊತ್ತಿದ್ದು ಅದೇ ಅಲ್ವಾ. ಅದಕ್ಕೇನಾದ್ರೂ ಮುಲಾಮು ಕೊಡು.”